ಅಪ್‌ಡೇಟ್: ಪಟ್ಟಿ ಕೂಡಸಾಕ ದೋಣಿಗೆ ತೂತು ಕೊರೀಲಿಲ್ರಿ, ಅಂಟೇ ಹಚ್ಚಿದೆ

ಬ್ಯಾಸಿಗ್ಯಾಗ ಕೇಳಿದ್ನೆಲ್ರಿ, ನಮ್ಮ 12 ಫೂಟಿನ ಅಲ್ಯುಮಿನಿಯಂ ದೋಣ್ಯಾಗ ಬ್ಯಾಟರಿ ಪೆಟ್ಟಿಗಿ ಕೂಡಸಾಕ ಎರಡು ಪಟ್ಟಿ ಬೇಕು, ತೂತು ಕೊರದು ರಿವೆಟ್ ಹೊಡೀಲೋ ಅಂಟು ಹಚ್ಚಲೋ ಅಂತ. ಎರಡು ಟ್ಯೂಬ್ ಕೂಡಿಸಿ ಹಚ್ಚೋ ಮೆಥಾಕ್ರಿಲೇಟ್ ಅಂಟು ಹಚ್ಚಿದೆ. ಆಲಮಟ್ಟಿ ಹಿನ್ನೀರಿನ್ಯಾಗ ಮೂರು ತಿಂಗಳಾತು, ಪಟ್ಟಿ ಅಳಗ್ಯಾಡಿಲ್ಲ.

ಮೊದಲನೇ ಸಲ ಮಾತ್ರ ಮಂಗ್ಯಾ ಆದೆ. ಬಾಗಲಕೋಟಿ ಬಿಸಲಾಗ, ಅದೂ ಮಟಮಟ ಮಧ್ಯಾಹ್ನ ಕುಂತೀನಿ. ತಗಡು ಕಾದು ಹಂಚಾಗಿತ್ತು. ಪಟ್ಟಿ ಒತ್ತೂದ್ರಾಗ ಅಂಟು ಆ ಬಿಸಿಗೆ ಲಗೂನ ಬಿಗಿದು ದಾರಧಂಗ ಎಳ್ಯಾಕ ಹತ್ತಿತು. ಮರುದಿನ ಉಗುರು ತೂರಿಸಿ ಎತ್ತಿದ್ರ ಹಪ್ಪಳಧಂಗ ಎದ್ದು ಬಂತು. ತಗಡಿನ ಮ್ಯಾಲ ಒಂದ್ ಚೂರೂ ಅಂಟಿಲ್ಲ, ಹೊಳಪು ಹಂಗ ಐತಿ!

ಎರಡನೇ ಸಲ ನಸುಕಿನ್ಯಾಗ ಎದ್ದೆ. ಮೊದಲ ಅಸಿಟೋನಿಂದ ಜಿಡ್ಡು ಒರೆಸಿ, ಆಮ್ಯಾಲ 80 ನಂಬರ್ ಸ್ಯಾಂಡ್‌ಪೇಪರ್ ತಿಕ್ಕಿ, ಮತ್ತ ಬಿಳಿ ಅರಿವಿಗೆ ಕರೇದು ಹತ್ತೂದು ನಿಲ್ಲೂತನ ಒರೆಸಿದೆ. ತಿಕ್ಕಿದ ಜಾಗಕ್ಕ ಗಾಳಿ ಬಡದ್ರ ಆಕ್ಸೈಡ್ ಪದರ ಮತ್ತ ಕಟ್ಟತೈತಿ, ಅದಕ್ಕ ಚಾ ಸುದ್ದಾ ಕುಡೀದ ತಕ್ಷಣ ಹಚ್ಚಿದೆ. ಅಂಟು ಪೂರ್ತಿ ಹಿಂಡಿ ಹೊರಗ ಬರಬಾರದಂತ ನಡುವ ಸಣ್ಣ ತಂತಿ ತುಂಡು ಇಟ್ಟು, ಹಗೂರಕ ಒತ್ತಿ, ಒಂದ್ ದಿನ ಮುಟ್ಟಲಿಲ್ಲ.

"ಲಂಗರಿನ ಹಗ್ಗದ ಕೊಂಡಿ ಅಂಟಿಗೆ ಬಿಡಬ್ಯಾಡೋ ತಮ್ಮಾ" ಅಂತ ಆಗ ಉತ್ತರ ಕೊಟ್ಟಿದ್ದ ಅಣ್ಣಾರ ಮಾತು ಖರೆ. ಅಂಟು ಜಾರೋ ಎಳತ ತಡೀತೈತಿ, ಅಂಚಿಂದ ಸುಲಿಯೋ ಎಳತ ಅಷ್ಟು ತಡಿಯಂಗಿಲ್ಲ. ಅಲ್ಲಿ ಬೋಲ್ಟೇ ಹಾಕೀನ್ರಿ. ಸ್ಟೀಲ್ ಬೋಲ್ಟು ನೇರ ಅಲ್ಯುಮಿನಿಯಂಗೆ ತಾಗಿದ್ರ ನೀರಾಗ ತಗಡು ತಿಂದು ಹೋಗತೈತಿ, ಹಿಂಗಾಗಿ ನೈಲಾನ್ ವಾಷರ್ ಜೋಡಿ.