ಗಾಲಿಕುರ್ಚಿ ಬಳಸುವವರಿಗೆ ಹುಬ್ಬಳ್ಳಿಯಲ್ಲಿ ವಸತಿಗೃಹ: ಏನು ವಿಚಾರಿಸಬೇಕು?

ಪ್ರಶ್ನೆ: ಗಾಲಿಕುರ್ಚಿ ಬಳಸುವ ನಮ್ಮ ತಾಯಿಯವರೊಂದಿಗೆ ಸಿದ್ಧಾರೂಢ ಮಠದ ದರ್ಶನಕ್ಕೆ ಬರುತ್ತಿದ್ದೇವೆ. ಫೋನ್ ಮಾಡಿದರೆ ‘ಲಿಫ್ಟ್ ಇದೆ’ ಎಂದಷ್ಟೇ ಹೇಳುತ್ತಾರೆ. ಮುಂಗಡ ಕೊಡುವ ಮೊದಲು ಏನೇನು ಖಚಿತಪಡಿಸಿಕೊಳ್ಳಬೇಕು?

ಉತ್ತರ 1: ಮೊದಲು ಬಚ್ಚಲುಮನೆಯ ವಿಷಯ ಕೇಳಿರಿ. ಕೋಣೆಯ ಬಾಗಿಲು ಅಗಲವಾಗಿದ್ದರೂ ಬಚ್ಚಲಿನ ಬಾಗಿಲು ಕಿರಿದಾಗಿರುವುದೇ ಹೆಚ್ಚು. ಅದನ್ನು ತೆರೆದಾಗ 90 ಸೆಂ.ಮೀ. ದಾರಿ ಸಿಗಬೇಕು, ಒಳಗೆ ಕುರ್ಚಿ ತಿರುಗಲು 150 ಸೆಂ.ಮೀ. ಜಾಗವಿರಬೇಕು, ಕಮೋಡಿನ ಪಕ್ಕದಲ್ಲಿ ಗಟ್ಟಿಯಾದ ಹಿಡಿಕೆಯಿರಬೇಕು. ಅಳತೆಪಟ್ಟಿ ಹಿಡಿದು ತೆಗೆದ ಫೋಟೊವನ್ನು ವಾಟ್ಸಾಪ್‌ನಲ್ಲಿ ಕೇಳಲು ಸಂಕೋಚ ಬೇಡ. ಅದು ನಿಮ್ಮ ತಾಯಿಯವರ ಹಕ್ಕು.

ಉತ್ತರ 2: ಲಿಫ್ಟ್ ತಲುಪುವ ಮೊದಲೇ ಮೆಟ್ಟಿಲುಗಳಿವೆಯೇ ಎಂದೂ ಕೇಳಿರಿ. ಇಳಿಜಾರು ಇದ್ದರೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದವಿರಬೇಕು. ಬೈಕ್ ಹತ್ತಿಸಲು ಹಾಕಿದ ಕಡಿದಾದ ಸಿಮೆಂಟ್ ಇಳಿಜಾರು ಅಪಾಯಕಾರಿ.

ಉತ್ತರ 3: ರೈಲಿನಲ್ಲಿ ಬರುವುದಾದರೆ, ಇಲ್ಲಿನ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ ಎಂಬುದನ್ನು ಗಮನದಲ್ಲಿಟ್ಟು, ಸಹಾಯಕರನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳಿರಿ.