ಹಳೆಯ ಸ್ಪೀಕರ್‌ಗಳನ್ನು ಉಳಿಸಿಕೊಂಡು ಕಾರಿಗೆ ಹೊಸ ಸ್ಟೀರಿಯೊ ಹಾಕಬಹುದೇ?

ಪ್ರಶ್ನೆ
ಕಾರಿನ ಜೊತೆಗೇ ಬಂದ ಸ್ಟೀರಿಯೊವನ್ನು ತೆಗೆದು, ಪೆಟ್ಟಿಗೆಯ ಮೇಲೆ ‘50 ವ್ಯಾಟ್ × 4’ ಎಂದು ನಮೂದಿಸಿರುವ ಹೊಸದನ್ನು ಕೂರಿಸಬೇಕೆಂದಿದ್ದೇನೆ. ಬಾಗಿಲುಗಳಲ್ಲಿರುವ ಸ್ಪೀಕರ್‌ಗಳ ಬೆನ್ನಿನ ಮೇಲೆ 4 ಓಮ್, 25 ವ್ಯಾಟ್ ಎಂದಷ್ಟೇ ಇದೆ. ಅವುಗಳ ದನಿ ನನಗೆ ಬಹಳ ಹಿಡಿಸಿರುವುದರಿಂದ ಬದಲಾಯಿಸುವ ಮನಸ್ಸಿಲ್ಲ. ಅವು ಇಷ್ಟು ಶಕ್ತಿಯನ್ನು ತಾಳಿಕೊಳ್ಳುತ್ತವೆಯೇ? ಮುಂದೆ ಆಂಪ್ಲಿಫೈಯರ್ ಸೇರಿಸುವುದಾದರೆ ಏನು ಎಚ್ಚರ ವಹಿಸಬೇಕು?

ಉತ್ತರ 1
ಆ 50 ವ್ಯಾಟ್ ಎಂಬುದು ಗರಿಷ್ಠ ಅಂಕಿ. ನೀವು ನೋಡಬೇಕಾದದ್ದು ಕೈಪಿಡಿಯಲ್ಲಿರುವ ಆರ್‌ಎಂಎಸ್ ಅಂಕಿಯನ್ನು, ಅಂದರೆ ಸ್ಟೀರಿಯೊ ಸತತವಾಗಿ ಕೊಡಬಲ್ಲ ಶಕ್ತಿಯನ್ನು. ಇಂಥ ಸ್ಟೀರಿಯೊಗಳಲ್ಲಿ ಅದು ಸಾಮಾನ್ಯವಾಗಿ 15ರಿಂದ 22 ವ್ಯಾಟ್‌ಗಳಷ್ಟೇ ಇರುತ್ತದೆ. ಹಾಗಾಗಿ ಪೆಟ್ಟಿಗೆಯ ಅಂಕಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಕ್ಲಿಪ್ಪಿಂಗ್‌ಗೆ. ವಾಲ್ಯೂಮ್ ಮಿತಿಮೀರಿ ಏರಿಸಿದಾಗ ಸ್ಟೀರಿಯೊ ತನ್ನಲ್ಲಿರುವ ವೋಲ್ಟೇಜನ್ನೆಲ್ಲ ಕೊಟ್ಟು ಮುಗಿಸುತ್ತದೆ. ಆಗ ಧ್ವನಿಯ ಅಲೆಗಳ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗಿ, ಸ್ಪೀಕರ್‌ಗೆ ಹೋಗುವ ಸರಾಸರಿ ಶಕ್ತಿ ಹೆಚ್ಚಿ, ಆರಲು ಬಿಡುವೇ ಸಿಗದ ವಾಯ್ಸ್ ಕಾಯಿಲ್ (ಸ್ಪೀಕರ್‌ನೊಳಗಿನ ತಂತಿಯ ಸುರುಳಿ) ಸುಡುವಷ್ಟು ಕಾಯುತ್ತದೆ. ಗಾಯಕರ ‘ಸ’ಕಾರ, ‘ಶ’ಕಾರಗಳು ಸೀಳಿದಂತೆ ಕೇಳತೊಡಗಿದರೆ ತಕ್ಷಣ ವಾಲ್ಯೂಮ್ ಇಳಿಸಿ. ಬಾಸ್ ಬೂಸ್ಟನ್ನಂತೂ ಮುಟ್ಟಲೇಬೇಡಿ: 6 ಡೆಸಿಬೆಲ್ ಏರಿಸಿದರೆ ಆ ಕೆಳಸ್ವರಗಳಿಗೆ ನಾಲ್ಕು ಪಟ್ಟು ಶಕ್ತಿ ಬೇಕಾಗುತ್ತದೆ.

ಉತ್ತರ 2
ಮೇಲಿನ ಮಾತಿಗೆ ಪೂರಕವಾಗಿ, ಹೊಸ ಸ್ಟೀರಿಯೊದಲ್ಲಿ ಹೈ ಪಾಸ್ ಫಿಲ್ಟರ್ (ಕೆಳಸ್ವರಗಳನ್ನು ತಡೆಯುವ ಸೌಲಭ್ಯ) ಇದ್ದರೆ ಅದನ್ನು 80 ಹರ್ಟ್ಸ್ ಸುಮಾರಿಗೆ ಇಡಿ. ಬಾಗಿಲಿನ ಸಣ್ಣ ಸ್ಪೀಕರ್‌ನ ಕೋನ್ ಹೆಚ್ಚು ಒದ್ದಾಡುವುದು ಅದಕ್ಕಿಂತ ಕೆಳಗಿನ ಸ್ವರಗಳಿಗೇ. ಆ ಹೊರೆ ತಪ್ಪಿದರೆ ಹಾಡು ಇನ್ನೂ ಸ್ವಚ್ಛವಾಗಿ ಕೇಳುತ್ತದೆ. ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ, ಮೂಲ ತಂತಿಗಳನ್ನು ಕತ್ತರಿಸದೆ ನಿಮ್ಮ ಕಾರಿಗೆ ಹೊಂದುವ ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಗ್) ಬಳಸಿ. ಸ್ಪೀಕರ್‌ನ ಎರಡು ತಂತಿಗಳಲ್ಲಿ ಯಾವುದೂ ಕಾರಿನ ಲೋಹದ ಭಾಗಕ್ಕೆ ತಾಗಕೂಡದು; ತಾಗಿದರೆ ಸ್ಟೀರಿಯೊದ ಔಟ್‌ಪುಟ್ಟೇ ಸುಟ್ಟುಹೋಗಬಹುದು.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಆಂಪ್ಲಿಫೈಯರ್‌ನ ಗೇನ್ ಎಷ್ಟಿರಬೇಕೆಂದು ಕಿವಿಯಿಂದಲೇ ನಿರ್ಧರಿಸಬಹುದೇ?

ಉತ್ತರ 3
ಕಿವಿಯನ್ನು ನಂಬಬೇಡಿ, ಮಲ್ಟಿಮೀಟರ್ ಬಳಸಿ. ಗೇನ್ ಇರುವುದು ವಾಲ್ಯೂಮ್ ಹೆಚ್ಚಿಸಲಿಕ್ಕಲ್ಲ, ಸ್ಟೀರಿಯೊ ಕೊಡುವ ಸಿಗ್ನಲ್‌ಗೆ ಆಂಪ್ಲಿಫೈಯರನ್ನು ಹೊಂದಿಸಲಿಕ್ಕೆ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟೇಜ್ ಸಿಗುತ್ತದೆ; 25 ವ್ಯಾಟ್, 4 ಓಮ್‌ಗೆ ಅದು 10 ವೋಲ್ಟ್. ಸ್ಪೀಕರ್‌ಗಳನ್ನು ಬಿಚ್ಚಿ, ಬಾಸ್ ಮತ್ತು ಟ್ರೆಬಲ್‌ಗಳನ್ನು ಸೊನ್ನೆಗೆ ತಂದು, ಗೇನನ್ನು ಪೂರ್ತಿ ಇಳಿಸಿ, ವಾಲ್ಯೂಮನ್ನು ಮುಕ್ಕಾಲು ಭಾಗಕ್ಕಿಟ್ಟು 1000 ಹರ್ಟ್ಸ್‌ನ ಪರೀಕ್ಷಾ ಧ್ವನಿ ನುಡಿಸಿ. ಮೀಟರನ್ನು ಎ.ಸಿ. ವೋಲ್ಟ್‌ಗೆ ತಿರುಗಿಸಿ, ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ಗಳಿಗೆ ಹಿಡಿದು, ಆ ಅಂಕಿ ಬರುವವರೆಗೆ ಮಾತ್ರ ಗೇನ್ ಏರಿಸಿ. ನಿಮ್ಮ ಸ್ಪೀಕರ್‌ಗಳ ಮೇಲೆ ಆರ್‌ಎಂಎಸ್ ಎಂಬ ಉಲ್ಲೇಖವಿಲ್ಲದಿರುವುದರಿಂದ 25 ವ್ಯಾಟ್ ಗರಿಷ್ಠ ಮಿತಿಯೇ ಇರಬಹುದೆಂದು ಭಾವಿಸಿ, ಅದರ ಸುಮಾರು ಅರ್ಧ ಶಕ್ತಿಗೆ ಸಮನಾದ 7 ವೋಲ್ಟ್‌ಗೇ ನಿಲ್ಲಿಸುವುದು ಲೇಸು. ಆಮೇಲೆ ವಾಲ್ಯೂಮನ್ನು ಆ ಮುಕ್ಕಾಲು ಗುರುತಿನಿಂದ ಮೇಲಕ್ಕೆ ಒಯ್ಯಬೇಡಿ.