ಸಮಸ್ಯೆ: ಕಯಾಕ್ ಒಡಲಿನೊಳಗೆ ನೀರು ಸೇರುತ್ತಿದೆ, ಎಲ್ಲಿಂದ ಎಂದು ಸಿಗುತ್ತಿಲ್ಲ

ವಿಡ್ಬಿ_ಗಾಳ (ಮೇ 5)
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಗೋಳು. ಇಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಎಂಬ ಕಡಲ ಕೊಲ್ಲಿಯಲ್ಲಿ ಲಿಂಗ್‌ಕಾಡ್ ಎಂಬ ತಳದ ಮೀನು ಹಿಡಿಯುವ ಹಂಗಾಮು ಮೇ 1ಕ್ಕೆ ತೆರೆದು ಜೂನ್ 15ಕ್ಕೆ ಮುಗಿಯುತ್ತದೆ. ವರ್ಷವಿಡೀ ಕಾಯುವುದು ಈ ಆರೂವರೆ ವಾರಕ್ಕಾಗಿ, ಅದೂ ಕೈತಪ್ಪುವ ಹಾಗಿದೆ.

ಹನ್ನೆರಡು ಅಡಿಯ ಸಿಟ್-ಆನ್-ಟಾಪ್ ಕಯಾಕ್ (ಮುಚ್ಚಿದ ಒಡಲಿನ ಮೇಲೆ ಕೂರುವ ಪುಟ್ಟ ದೋಣಿ), ಪಾಲಿಎಥಿಲೀನ್ ಪ್ಲಾಸ್ಟಿಕ್‌ನದು. ಏಪ್ರಿಲ್‌ನಲ್ಲಿ ಅಭ್ಯಾಸಕ್ಕೆಂದು ಇಳಿಸಿ ಬಂದು ಡ್ರೈನ್ ಪ್ಲಗ್ ತೆಗೆದಾಗ ಒಂದು ಲೋಟ ನೀರು ಬಂತು. ಮೊನ್ನೆ ವಿಡ್ಬಿ ದ್ವೀಪದ ಪಶ್ಚಿಮ ದಡದಲ್ಲಿ ನಾಲ್ಕು ಗಂಟೆ ಇದ್ದು ಬಂದೆ. ಈ ಸಲ ಹತ್ತು ಲೀಟರಿನ ಬಕೆಟ್ ತುಂಬಿತು. ವಾಪಸು ಬರುವಾಗ, 130 ಅಡಿ ಆಳವಿರುವಲ್ಲಿ, ಅಲೆ ಪಕ್ಕದಿಂದ ಹೊಡೆದು ಕಯಾಕ್ ವಾಲಿತು, ಬೇಗ ನೇರವಾಗಲಿಲ್ಲ. ಒಳಗಿನ ನೀರು ಒಂದೇ ಪಕ್ಕಕ್ಕೆ ಓಡಿದ ಸದ್ದು ನನ್ನ ತೊಡೆಯ ಕೆಳಗೇ ಕೇಳಿಸಿತು. ಹ್ಯಾಚ್ (ಡೆಕ್ ಮೇಲಿಂದ ಒಡಲಿಗೆ ತೆರೆಯುವ ಕಿಂಡಿ) ಮುಚ್ಚಳದ ಗ್ಯಾಸ್ಕೆಟ್, ಅಂದರೆ ನೀರು ತಡೆಯುವ ಪಟ್ಟಿ, ಹೊಸದು ಹಾಕಿದ್ದೇನೆ. ರಾಡ್ ಹೋಲ್ಡರ್ ಸುತ್ತ ಸಿಲಿಕೋನ್ ಹಚ್ಚಿದ್ದೇನೆ. ಇನ್ನೇನು ನೋಡಬೇಕು, ದಯವಿಟ್ಟು ಹೇಳಿ.

ಎವರೆಟ್_ಹುಟ್ಟು
ಇದು ಹ್ಯಾಚ್ ಮುಚ್ಚಳದ್ದೇ, ಅನುಮಾನ ಬೇಡ. ಕಾರಿನ ಮೇಲೆ ಬಿಸಿಲಿಗೆ ಕಾದ ಕಯಾಕನ್ನು ಹತ್ತು ಡಿಗ್ರಿಯ ನೀರಿಗೆ ಇಳಿಸುತ್ತೀರಿ, ಒಳಗಿನ ಗಾಳಿ ಕುಗ್ಗುತ್ತದೆ. ಒಡಲಿನಲ್ಲಿ 300 ಲೀಟರ್ ಗಾಳಿ ಇದೆ ಎಂದಿಟ್ಟುಕೊಳ್ಳಿ. 25 ಡಿಗ್ರಿಯಿಂದ 10ಕ್ಕೆ ಇಳಿದರೆ ಸುಮಾರು 15 ಲೀಟರ್‌ನಷ್ಟು ಕುಗ್ಗುತ್ತದೆ. ಆ ಜಾಗ ತುಂಬಲು ಎಲ್ಲಿ ಸಂದು ಇದೆಯೋ ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ದಡದಲ್ಲಿ ಹತ್ತು ನಿಮಿಷ ತೇಲಲು ಬಿಟ್ಟು, ಮುಚ್ಚಳ ಒಮ್ಮೆ ತೆರೆದು ಮುಚ್ಚಿ, ಆಮೇಲೆ ಹೊರಡಿ.

ಹೊನ್ನಾವರ_ಕಡಲು
ಕಾರಣ ಸಿಗುವ ತನಕ ಹೊರಡಲೇಬೇಡಿ ತಮ್ಮಾ. ಹತ್ತು ಲೀಟರ್ ಎಂದರೆ ಹತ್ತು ಕಿಲೋ, ಅದೂ ಕಟ್ಟಿಹಾಕಿರದ ಭಾರ. ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ನಾನು ಹೊನ್ನಾವರದ ಅಳಿವೆಯಲ್ಲಿ ಈಜು ಕಲಿತವನು. ಅಲ್ಲಿ ನೀರು 28 ಡಿಗ್ರಿ, ದೋಣಿ ಮಗುಚಿದರೆ ಹಿಡಿದುಕೊಂಡು ತೇಲುತ್ತಿರಬಹುದು. ಇಲ್ಲಿಯ ನೀರೇ ಬೇರೆ. ಕೆನಡಾದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳಿಕೊಟ್ಟ 1-10-1 ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳಿ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪುವ ಮುನ್ನ 1 ಗಂಟೆ. ಮೈಮೇಲೆ ಏನು ಹಾಕಿಕೊಳ್ಳುತ್ತೀರಿ?

ತಳದ_ಮೀನು
130 ಅಡಿ ಎಂದಿರಲ್ಲ, ಸೌಂಡ್‌ನೊಳಗೆ 120 ಅಡಿಗಿಂತ ಆಳದಲ್ಲಿ ತಳದ ಮೀನು ಹಿಡಿಯುವುದು ನಿಷಿದ್ಧ, ಗೊತ್ತಿದೆಯೇ? ಆ ಆಳದಿಂದ ಮೇಲೆ ಬಂದ ರಾಕ್‌ಫಿಶ್‌ನ ಗಾಳಿಚೀಲ ಉಬ್ಬಿ ಕಣ್ಣು ಹೊರಬರುತ್ತದೆ, ಬಿಟ್ಟರೂ ಮುಳುಗಲಾರದೆ ಸಾಯುತ್ತದೆ. ಇಲ್ಲಿಯ ಯೆಲ್ಲೋಐ ಮತ್ತು ಬೊಕಾಚಿಯೊ ಎಂಬ ಎರಡು ಜಾತಿಯ ರಾಕ್‌ಫಿಶ್ 2010ರಿಂದ ರಕ್ಷಿತ ಪಟ್ಟಿಯಲ್ಲಿವೆ.

ವಿಡ್ಬಿ_ಗಾಳ
ಗಾಳ ಮೇಲಿತ್ತು, ನಾನು ವಾಪಸು ಬರುತ್ತಿದ್ದೆ ಎಂದು ಬರೆದಿದ್ದೇನೆ! ಮೈಮೇಲೆ 4 ಮಿ.ಮೀ. ವೆಟ್‌ಸೂಟ್, ಲೈಫ್ ಜಾಕೆಟ್, ಎದೆಯ ಮೇಲೆ ವಿಎಚ್‌ಎಫ್ ರೇಡಿಯೊ. ನನ್ನ ಪ್ರಶ್ನೆ ನೀರು ಎಲ್ಲಿಂದ ಬರುತ್ತಿದೆ ಎಂಬುದು. ಮುಚ್ಚಳದ ಮೇಲೆ ಟೇಪ್ ಸುತ್ತಿ ನಿನ್ನೆ ದಡದ ಪಕ್ಕದಲ್ಲೇ ಒಂದು ಗಂಟೆ ಇದ್ದೆ. ಎರಡು ಲೀಟರ್ ಬಂತು.

ಎವರೆಟ್_ಹುಟ್ಟು
ಟೇಪ್ ಒದ್ದೆಯಾದರೆ ಬಿಡುತ್ತದೆ. ಮುಂದಿನ ಹ್ಯಾಚ್ ಒಂದನ್ನೇ ಸುತ್ತಿದ್ದರೆ ಹಿಂದಿನದು? ನಾನು ನನ್ನದರಲ್ಲಿ ಡೆಕ್ ಮೇಲೆ ಪುಟ್ಟ ಗಾಳಿಕಿಂಡಿ ಕೂರಿಸಿದ್ದೇನೆ, ಐದು ವರ್ಷದಿಂದ ಒಂದು ತೊಟ್ಟು ಇಲ್ಲ. ಪೆಡಲ್ ಕಯಾಕ್, ಹದಿಮೂರೂವರೆ ಅಡಿ, ಲಿಥಿಯಂ ಬ್ಯಾಟರಿ, ಮೀನು ತೋರಿಸುವ ಒಂಬತ್ತು ಇಂಚಿನ ಸ್ಕ್ರೀನ್. ಎರಡೂ ಕೈ ಬಿಡುವಾಗಿರುವುದರಿಂದ ಹರಿವಿನಲ್ಲಿ ಒಂದೇ ಕಲ್ಲಿನ ಮೇಲೆ ನಿಲ್ಲಬಹುದು. ಈ ಮೇ 2ರಂದು 34 ಇಂಚಿನ ಲಿಂಗ್‌ಕಾಡ್ ಬಂತು.

ತಳದ_ಮೀನು
ಇಟ್ಟುಕೊಳ್ಳಬಹುದಾದದ್ದು 26ರಿಂದ 36 ಇಂಚಿನೊಳಗೆ ದಿನಕ್ಕೆ ಒಂದೇ, 34 ಎಂದರೆ ಒಳ್ಳೆಯ ಮೀನು. ಜಿಗ್ (ಭಾರದ ಕೃತಕ ಗಾಳ) ಎಷ್ಟು ಔನ್ಸ್?

ಎವರೆಟ್_ಹುಟ್ಟು
ಆರು. ಇಳಿತ ನಿಲ್ಲುವ ಅರ್ಧ ಗಂಟೆ ಮುಂಚೆ.

ಹೊನ್ನಾವರ_ಕಡಲು
ಜಿಗ್ ಮಾತು ಬೇರೆ ಕಡೆ ಆಡಿ. ಒಳಗೆ ನೀರು ಬರುವ ವೆಟ್‌ಸೂಟ್ ಈ ನೀರಿಗೆ ಸಾಲದು, ಮೈಗೆ ನೀರು ತಾಗಗೊಡದ ಡ್ರೈಸೂಟ್ ಬೇಕು. ಒಳಗೆ ಉಣ್ಣೆ ಹಾಕಿಕೊಳ್ಳುವ ಜಾಗವಿರುವಂಥದ್ದು.

ಎವರೆಟ್_ಹುಟ್ಟು
ವೆಟ್‌ಸೂಟ್‌ನಲ್ಲೇ ಇಲ್ಲಿ ಹತ್ತು ವರ್ಷ ಕಳೆದವರನ್ನು ನಾನು ಬಲ್ಲೆ. ಡ್ರೈಸೂಟ್ ಬೆಲೆಗೆ ಇನ್ನೊಂದು ಕಯಾಕ್ ಬರುತ್ತದೆ.

ಹೊನ್ನಾವರ_ಕಡಲು
ಆ ಹತ್ತು ವರ್ಷದಲ್ಲಿ ಅವರು ಎಷ್ಟು ಸಲ ನೀರಿಗೆ ಬಿದ್ದು ಹದಿನೈದು ನಿಮಿಷ ಕಳೆದಿದ್ದಾರೆ, ಅದನ್ನು ಕೇಳಿ.

ಅಲೆಮನೆ (ಮೇ 8)
ಈಗಷ್ಟೇ ಪೂರ್ತಿ ಓದಿದೆ. ವಿಡ್ಬಿ ಅವರೇ, ಒಳಗಿನ ನೀರನ್ನು ನಾಲಿಗೆಗೆ ಹಚ್ಚಿ ನೋಡಿದ್ದೀರಾ? ಕಾರಿನಿಂದ ನೀರಿನವರೆಗೆ ಕಯಾಕನ್ನು ಹೇಗೆ ತರುತ್ತೀರಿ?

ವಿಡ್ಬಿ_ಗಾಳ
ಉಪ್ಪು, ಸಮುದ್ರದ್ದೇ ನೀರು. ತರುವುದು ಗಾಡಿಯ ಮೇಲೆ, ಎಲ್ಲರ ಹಾಗೆ. ಅದಕ್ಕೂ ಸೋರುವುದಕ್ಕೂ ಏನು ಸಂಬಂಧ?

ಅಲೆಮನೆ
ಯಾವ ಬಗೆಯ ಗಾಡಿ? ಪಟ್ಟಿ ಬಿಗಿದು ಒಡಲನ್ನು ಹೊರುವುದೇ, ಅಥವಾ ಡೆಕ್ಕಿನ ನೀರು ಕೆಳಗೆ ಹರಿದುಹೋಗುವ ಸ್ಕಪರ್ ರಂಧ್ರಕ್ಕೆ ಎರಡು ಗೂಟ ತೂರಿಸುವುದೇ? ಸಾಮಾನು ಅದರಲ್ಲೇ ಇಟ್ಟುಕೊಂಡು ಎಳೆಯುತ್ತೀರಾ?

ವಿಡ್ಬಿ_ಗಾಳ
ಗೂಟದ್ದು. ಬ್ಯಾಟರಿ, ಐಸ್ ಪೆಟ್ಟಿಗೆ, ಲಂಗರು ಎಲ್ಲವೂ ಇರುತ್ತದೆ. ಒಬ್ಬನೇ ಮೂರು ಸಲ ಓಡಾಡುವುದು ಆಗುವುದಿಲ್ಲ. ದಡದಲ್ಲಿ ಬೆಣಚುಕಲ್ಲು, ಸಮುದ್ರ ತಂದು ಹಾಕಿದ ಮರದ ದಿಮ್ಮಿಗಳು, ಅವುಗಳ ಮೇಲಿಂದ ಎತ್ತಿ ಎಳೆಯಬೇಕು.

ಅಲೆಮನೆ
ಹಾಗಾದರೆ ಮೊದಲು ನೋಡಬೇಕಾದದ್ದು ಅಲ್ಲೇ. ಸ್ಕಪರ್ ಎಂದರೆ ಡೆಕ್ಕಿನಿಂದ ತಳದವರೆಗೆ ಹೋಗುವ ಕೊಳವೆ, ಅದರ ಗೋಡೆ ಒಡಲಿನದೇ ಪ್ಲಾಸ್ಟಿಕ್. ಅಚ್ಚಿನಲ್ಲಿ ಆ ಭಾಗ ತೆಳುವಾಗಿ ಬರುವುದುಂಟು. ಗಾಡಿ ದಿಮ್ಮಿ ಹತ್ತುವಾಗ ಇಡೀ ಭಾರ ಆ ಎರಡು ಗೂಟದ ಮೇಲೆ ತಿರುಚುತ್ತದೆ. ಬಿರುಕು ಕೊಳವೆಯ ಒಳಗೋಡೆಯಲ್ಲಿ ಇರುವುದರಿಂದ ಕಯಾಕ್ ಬೋರಲು ಹಾಕಿದರೂ ಕಾಣುವುದಿಲ್ಲ.

ಹೀಗೆ ಪರೀಕ್ಷಿಸಿ. ಹ್ಯಾಚ್‌ಗಳನ್ನು ಮುಚ್ಚಿ. ಡ್ರೈನ್ ರಂಧ್ರಕ್ಕೆ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಹೊರಬಿಡುವ ಬಾಯಿಯನ್ನು ಬಟ್ಟೆ ಸುತ್ತಿ ಸಡಿಲವಾಗಿ ಹಿಡಿಯಿರಿ. ಕಂಪ್ರೆಸರ್ ಬೇಡ, ಒಡಲು ಸೀಳಿಹೋದೀತು. ಪಾತ್ರೆ ತೊಳೆಯುವ ಸೋಪಿನ ನೀರನ್ನು ಪ್ರತಿ ಸ್ಕಪರ್ ಒಳಗೆ, ಪ್ರತಿ ರಿವೆಟ್ ಸುತ್ತ ಬ್ರಷ್‌ನಿಂದ ಹಚ್ಚಿ, ಎಲ್ಲಿ ಗುಳ್ಳೆ ಏಳುತ್ತದೆ ಎಂದು ಕಾಯಿರಿ.

ಎವರೆಟ್_ಹುಟ್ಟು
ಸ್ಕಪರ್ ಒಡೆದಿದ್ದರೆ ಮೊದಲ ದಿನವೇ ಬಕೆಟ್ ತುಂಬಬೇಕಿತ್ತು. ಇದು ಗ್ಯಾಸ್ಕೆಟ್.

ವಿಡ್ಬಿ_ಗಾಳ (ಮೇ 10)
ಸಿಕ್ಕಿತು. ಹಿಂಬದಿಯ ಎಡ ಸ್ಕಪರ್. ಮೊದಲು ಏನೂ ಕಾಣಲಿಲ್ಲ, ಗೂಟದ ಹಾಗೆ ಬೆರಳು ತೂರಿಸಿ ಪಕ್ಕಕ್ಕೆ ಒತ್ತಿದೆ. ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು, ಒಂದರ ಬೆನ್ನಿಗೆ ಒಂದು. ಬೆರಳು ತೆಗೆದರೆ ನಿಲ್ಲುತ್ತವೆ. ಟಾರ್ಚ್ ಹಿಡಿದು ನೋಡಿದರೆ ಹೆಬ್ಬೆರಳ ಉಗುರಿನಷ್ಟು ಉದ್ದದ ಕೂದಲೆಳೆ ಬಿರುಕು. ನಾನು ಕೂತು ಭಾರ ಬಿದ್ದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು. ಅಲೆಮನೆ ಅಕ್ಕಾ, ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಅಲೆಮನೆ
ಎವರೆಟ್ ಅವರ ಮಾತಿನಲ್ಲೂ ನಿಜವಿದೆ. ಬಿಸಿಲಿನ ದಿನ ಒಳಗಿನ ಗಾಳಿ ಕುಗ್ಗಿ ಆ ಬಿರುಕಿನಿಂದಲೇ ನೀರು ಎಳೆದಿರುತ್ತದೆ. ತೂತು ಮಾತ್ರ ಹ್ಯಾಚ್‌ನಲ್ಲಿ ಇರಲಿಲ್ಲ. ಬಿರುಕಿನ ಎರಡು ತುದಿಗೂ ಸಣ್ಣ ರಂಧ್ರ ಕೊರೆದು ಅದು ಬೆಳೆಯದಂತೆ ತಡೆಯಿರಿ, ಆಮೇಲೆ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯಿಂದ ವೆಲ್ಡಿಂಗ್ ಮಾಡಿಸಿ.

ತಳದ_ಮೀನು
ವೆಲ್ಡಿಂಗ್ ಏಕೆ? ಎಪಾಕ್ಸಿ ಸಾಕು.

ಅಲೆಮನೆ
ಪಾಲಿಎಥಿಲೀನ್ ಮೇಲೆ ಅಂಟು ನಿಲ್ಲುವುದಿಲ್ಲ. ಮೇಲ್ಮೈಯನ್ನು ಜ್ವಾಲೆಯಿಂದ ಸವರಿ, ಅದಕ್ಕೆಂದೇ ಇರುವ ಬಾಗುವ ಎಪಾಕ್ಸಿ ಹಾಕಿದರೆ ಹಿಡಿಯುತ್ತದೆ, ಆದರೆ ಇದು ಕೊಳವೆಯ ಒಳಗೆ. ಅಲ್ಲಿ ಜ್ವಾಲೆ ಹಿಡಿಯುವ ಕೈ ನನಗಿಲ್ಲ.

ತಳದ_ಮೀನು
ನನ್ನ ಎಪಾಕ್ಸಿ ತೇಪೆಗೆ ಮೂರು ವರ್ಷವಾಯಿತು.

ಹೊನ್ನಾವರ_ಕಡಲು
ನಿಮ್ಮದು ಡೆಕ್ ಮೇಲಿನ ತೇಪೆ, ಇದು ನೀರಿನ ಕೆಳಗಿನದು.

ವಿಡ್ಬಿ_ಗಾಳ (ಮೇ 24)
ವೆಲ್ಡಿಂಗ್ ಆಯಿತು. ಸಮ್ಮಾಮಿಶ್ ಸರೋವರದಲ್ಲಿ ಎದೆಮಟ್ಟದ ನೀರಿನಲ್ಲಿ ಎರಡು ಗಂಟೆ ಕೂತು, ಬೇಕೆಂದೇ ಎರಡೂ ಪಕ್ಕ ವಾಲಿಸಿದೆ. ಒಳಗೆ ಸ್ಪಂಜು ಆಡಿಸಿದರೆ ಒಣ. ಗೂಟದ ಗಾಡಿಯನ್ನು ಮೂಲೆಗೆ ಹಾಕಿ ಪಟ್ಟಿಯ ಗಾಡಿ ತಂದಿದ್ದೇನೆ. ಡ್ರೈಸೂಟ್ ಒಬ್ಬರಿಂದ ಎರವಲು ಸಿಕ್ಕಿದೆ, ಕುತ್ತಿಗೆ ಸ್ವಲ್ಪ ಬಿಗಿ. ಶನಿವಾರ ಬೆಳಗ್ಗೆ ಇಳಿತ ನಿಲ್ಲುವ ಹೊತ್ತಿಗೆ ಹೊರಡುತ್ತೇನೆ.

ಎಡ್ಮಂಡ್ಸ್_ಏಡಿ (ಮೇ 29)
ಇದನ್ನು ಓದಿ ನನ್ನದನ್ನೂ ಬೋರಲು ಹಾಕಿ ನೋಡಿದೆ. ನಾನೂ ಗೂಟದ ಗಾಡಿಯವನೇ. ಬಲ ಸ್ಕಪರ್ ಅಂಚಿನಲ್ಲಿ ಬಿಳಿ ಗೆರೆ ಎದ್ದಿದೆ, ಉಗುರು ಆಡಿಸಿದರೆ ತಡೆಯುವುದಿಲ್ಲ, ಗುಳ್ಳೆಯೂ ಬರುವುದಿಲ್ಲ. ಇದು ಬಿರುಕಿನ ಆರಂಭವೇ, ಬರೀ ಒತ್ತಡಕ್ಕೆ ಪ್ಲಾಸ್ಟಿಕ್ ಬಿಳಿಚಿದ್ದೇ? ಭಾನುವಾರ ಮಗಳನ್ನು ಕರೆದುಕೊಂಡು ಹೋಗುವವನಿದ್ದೆ. ಯಾರಾದರೂ ಅದಕ್ಕೆ ಮುಂಚೆ ತಿಳಿಸಿ.